ಪೌರಸಭೆಯ ಠರಾವು, ಪರದೇಶದ ಯುದ್ಧ ಮತ್ತು ವರ್ತಕರ ಲೆಕ್ಕ

ಸ್ಥಳೀಯ ಸಂಸ್ಥೆಗಳ ಕಾರ್ಯವ್ಯಾಪ್ತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕುಡಿಯುವ ನೀರು, ಒಳಚರಂಡಿ, ಬೀದಿದೀಪ, ವ್ಯಾಪಾರ ಪರವಾನಗಿ ಹಾಗೂ ಆಸ್ತಿ ತೆರಿಗೆ. ಸಮರ ಮತ್ತು ಸಂಧಾನಗಳು ರಾಷ್ಟ್ರದ ರಾಜಧಾನಿಗೆ ಸೇರಿದ ವಿಷಯಗಳೆಂಬುದು ಎಲ್ಲರೂ ಒಪ್ಪಿದ ಮಾತು. ಹೀಗಿದ್ದರೂ 2002ರ ಕೊನೆಯ ಭಾಗದಿಂದ 2003ರ ಮಾರ್ಚ್ ತಿಂಗಳವರೆಗಿನ ಅಲ್ಪಾವಧಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ 150ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳು, ಇನ್ನೂ ಆರಂಭವಾಗದಿದ್ದ ಇರಾಕ್ ಯುದ್ಧವನ್ನು ಕುರಿತು ತಮ್ಮ ನಿಲುವನ್ನು ಠರಾವಿನ ರೂಪದಲ್ಲಿ ದಾಖಲಿಸಿದವು. ಚರಂಡಿ ದುರಸ್ತಿಯ ಬಿಲ್ಲುಗಳಿಗೆ ಮಂಜೂರಾತಿ ನೀಡುವ ಸಭೆಯೇ ಸಾವಿರಾರು ಮೈಲಿ ದೂರದ ರಾಷ್ಟ್ರದ ಮೇಲೆ ಸೇನೆಯನ್ನು ಕಳುಹಿಸಬೇಕೆ, ಬೇಡವೇ ಎಂಬ ಪ್ರಶ್ನೆಗೂ ಕೈ ಎತ್ತಿ ಮತ ನೀಡಿತು.

ಇದು ಅಧಿಕಾರದ ಅತಿಕ್ರಮಣವೇ, ಕಾಲಹರಣವೇ ಅಥವಾ ಊರಿನ ಹಿತರಕ್ಷಣೆಯ ಒಂದು ಭಾಗವೇ? ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಈ ಪ್ರಶ್ನೆ ಕೇವಲ ರಾಜಕೀಯ ಕುತೂಹಲದ್ದಲ್ಲ. ಯುದ್ಧದ ಸುದ್ದಿ ಹಬ್ಬಿದೊಡನೆ ಇಂಧನದ ದರ, ಹಡಗಿನ ಬಾಡಿಗೆ, ವಿಮಾ ಕಂತು ಹಾಗೂ ವಿದೇಶಿ ಖರೀದಿದಾರರ ಆದೇಶಗಳು ಏರುಪೇರಾಗುತ್ತವೆ. ಮತ್ತೊಂದೆಡೆ, ಸ್ಥಳೀಯ ಸಂಸ್ಥೆಯೊಂದು ವಿದೇಶಾಂಗ ವಿಷಯದಲ್ಲಿ ತಳೆದ ನಿಲುವು ಟೆಂಡರಿನ ಷರತ್ತಾಗಿ ಮಾರ್ಪಟ್ಟರೆ ಅದರ ಪರಿಣಾಮ ನೇರವಾಗಿ ಸರಬರಾಜುದಾರನ ಮೇಲಾಗುತ್ತದೆ. ಆದುದರಿಂದ ಆ ಠರಾವುಗಳ ಹಿನ್ನೆಲೆ, ಅವುಗಳ ಮಿತಿ ಹಾಗೂ ಅವುಗಳಿಂದ ನಾವು ಕಲಿಯಬಹುದಾದ ಪಾಠಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

2002-03ರ ಸಂದರ್ಭ

ಇರಾಕಿನ ವಿರುದ್ಧ ಬಲಪ್ರಯೋಗಕ್ಕೆ ಅಧ್ಯಕ್ಷರಿಗೆ ಅಧಿಕಾರ ನೀಡುವ ನಿರ್ಣಯವನ್ನು ಅಮೆರಿಕದ ಕಾಂಗ್ರೆಸ್ 2002ರ ಅಕ್ಟೋಬರ್‌ನಲ್ಲಿ ಅಂಗೀಕರಿಸಿತು. ಕೆಳಮನೆಯಲ್ಲಿ 296 ಮತಗಳು ಪರವಾಗಿಯೂ 133 ವಿರುದ್ಧವಾಗಿಯೂ ಬಂದರೆ, ಸೆನೆಟ್‌ನಲ್ಲಿ 77 ಸದಸ್ಯರು ಪರವಾಗಿಯೂ 23 ಸದಸ್ಯರು ವಿರುದ್ಧವಾಗಿಯೂ ಮತ ಚಲಾಯಿಸಿದರು. ಅಕ್ಟೋಬರ್ 16ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅದಕ್ಕೆ ಸಹಿ ಹಾಕಿದರು. ರಾಷ್ಟ್ರಮಟ್ಟದಲ್ಲಿ ಚರ್ಚೆ ಮುಗಿದಂತಾದ ಮೇಲೆ ಅದು ಊರುಗಳ ಸಭಾಂಗಣಗಳಲ್ಲಿ ಕಾವೇರಿತು.

ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್‌ನಂತಹ ಸಣ್ಣ ನಗರಗಳು ಈ ದಿಸೆಯಲ್ಲಿ ಮೊದಲ ಹೆಜ್ಜೆ ಇಟ್ಟವು. ವಾಷಿಂಗ್ಟನ್ನಿನ 'ಇನ್‌ಸ್ಟಿಟ್ಯೂಟ್ ಫಾರ್ ಪಾಲಿಸಿ ಸ್ಟಡೀಸ್' ಸಂಸ್ಥೆಯ ಬೆಂಬಲದೊಡನೆ 'ಸಿಟೀಸ್ ಫಾರ್ ಪೀಸ್' ಎಂಬ ಹೆಸರಿನಲ್ಲಿ ಈ ನಗರಗಳ ನಡುವೆ ಸಂಪರ್ಕ ಏರ್ಪಟ್ಟಿತು. ವಿಶ್ವವಿದ್ಯಾಲಯಗಳಿರುವ ಊರುಗಳು ಇಂತಹ ಠರಾವು ಮಾಡುವುದು ಹೊಸತೇನಲ್ಲವೆಂದು ಆರಂಭದಲ್ಲಿ ಪತ್ರಿಕೆಗಳು ಇದನ್ನು ಲಘುವಾಗಿ ಕಂಡದ್ದುಂಟು. ಮಹಾನಗರಗಳು ಮುಂದೆ ಬಂದಾಗ ಚಿತ್ರ ಬದಲಾಯಿತು.

2003ರ ಜನವರಿ 16ರಂದು ಚಿಕಾಗೊ ನಗರಸಭೆ, ಏಕಪಕ್ಷೀಯವಾದ ಮುನ್ನೆಚ್ಚರಿಕೆಯ ದಾಳಿಯನ್ನು ವಿರೋಧಿಸುವ ಠರಾವನ್ನು 46-1 ಮತಗಳಿಂದ ಅಂಗೀಕರಿಸಿತು. ಐವತ್ತು ವಾರ್ಡುಗಳ, ಕೈಗಾರಿಕೆ ಹಾಗೂ ಧಾನ್ಯ ವಹಿವಾಟಿಗೆ ಹೆಸರಾದ ನಗರವೊಂದರ ಮಾತು ಇದಾಗಿದ್ದುದರಿಂದ ಅದನ್ನು ಕೆಲವೇ ಕೆಲವು ಹೋರಾಟಗಾರರ ಅಭಿಪ್ರಾಯವೆಂದು ತಳ್ಳಿಹಾಕುವುದು ಸಾಧ್ಯವಾಗಲಿಲ್ಲ. ಫೆಬ್ರವರಿಯಲ್ಲಿ ವಿವಿಧ ನಗರಗಳ ಚುನಾಯಿತ ಪ್ರತಿನಿಧಿಗಳು ತಮ್ಮ ಠರಾವುಗಳೊಂದಿಗೆ ರಾಜಧಾನಿಗೆ ತೆರಳಿದರು. ಫೆಬ್ರವರಿ 21ರಂದು ಲಾಸ್ ಏಂಜಲೀಸ್ ನಗರಸಭೆ 9-4 ಮತಗಳಿಂದ ಠರಾವನ್ನು ಅಂಗೀಕರಿಸಿತು.

ಎಲ್ಲಕ್ಕಿಂತ ಗಮನಾರ್ಹವಾದದ್ದು ನ್ಯೂಯಾರ್ಕಿನ ನಿರ್ಧಾರ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸಾವಿರಾರು ಜನರನ್ನು ಕಳೆದುಕೊಂಡಿದ್ದ ಈ ನಗರದ 51 ಸದಸ್ಯರ ಸಭೆಯಲ್ಲಿ ಚರ್ಚೆ ಕಾವೇರಿದುದು ಸಹಜ. ಕೊನೆಗೆ, ಇತರ ಮಾರ್ಗಗಳೆಲ್ಲವೂ ಮುಗಿದ ಹೊರತು ಯುದ್ಧ ಸಲ್ಲದು ಎಂಬ ಆಶಯದ ಠರಾವಿಗೆ 2003ರ ಮಾರ್ಚ್ 12ರಂದು 31-17 ಮತಗಳಿಂದ ಒಪ್ಪಿಗೆ ದೊರೆಯಿತು. ಒಂದು ವಾರ ಕಳೆಯುವಷ್ಟರಲ್ಲಿ ಬಾಗ್ದಾದಿನ ಮೇಲೆ ದಾಳಿ ಆರಂಭವಾಯಿತು.

ಠರಾವಿನೊಳಗಿನ ಲೆಕ್ಕಾಚಾರ

ಈ ಠರಾವುಗಳನ್ನು ಕೇವಲ ಶಾಂತಿಯ ಘೋಷಣೆಗಳೆಂದು ಭಾವಿಸಿದರೆ ಅವುಗಳ ಮುಖ್ಯ ಅಂಶವನ್ನೇ ಬಿಟ್ಟಂತಾಗುತ್ತದೆ. ಅಂತರರಾಷ್ಟ್ರೀಯ ನ್ಯಾಯ, ವಿಶ್ವಸಂಸ್ಥೆಯ ಪಾತ್ರ ಹಾಗೂ ನಾಗರಿಕರ ಪ್ರಾಣಹಾನಿ ಕುರಿತ ಮಾತುಗಳ ಜೊತೆಗೆ ನಗರದ ಆಯವ್ಯಯದ ಪ್ರಶ್ನೆಯೂ ಚರ್ಚೆಯಲ್ಲಿ ಪ್ರಧಾನವಾಗಿತ್ತು. ಆ ವರ್ಷಗಳಲ್ಲಿ ಅಮೆರಿಕದ ರಾಜ್ಯಗಳು ತೀವ್ರ ಹಣಕಾಸಿನ ಮುಗ್ಗಟ್ಟಿನಲ್ಲಿದ್ದು, ಆ ಕೊರತೆಯ ಭಾರ ಕೊನೆಗೆ ನಗರಗಳ ಮೇಲೆ ಬೀಳುತ್ತಿತ್ತು. ಕೇಂದ್ರದ ಹಣ ಯುದ್ಧಕ್ಕೆ ಹರಿದರೆ ವಸತಿ, ಶಾಲೆ, ಆರೋಗ್ಯ ಹಾಗೂ ರಸ್ತೆಗಳಿಗೆ ಬರಬೇಕಾದ ಅನುದಾನಕ್ಕೆ ಕತ್ತರಿ ಬೀಳುವುದೆಂಬುದು ನಗರಸಭಾ ಸದಸ್ಯರ ವಾದವಾಗಿತ್ತು.

ಎರಡನೆಯ ಅಂಶ ಮಾನವಶಕ್ತಿಯದು. ಅಮೆರಿಕದ ಮೀಸಲು ಪಡೆಗಳಲ್ಲಿ ಸೇವೆ ಸಲ್ಲಿಸುವವರ ಪೈಕಿ ನಗರಗಳ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಹಾಗೂ ತುರ್ತು ಚಿಕಿತ್ಸಾ ನೌಕರರು ಗಣನೀಯ ಸಂಖ್ಯೆಯಲ್ಲಿರುತ್ತಾರೆ. ಸೇನೆಯಿಂದ ಕರೆ ಬಂದೊಡನೆ ಅವರು ತಮ್ಮ ಹುದ್ದೆಯನ್ನು ಬಿಟ್ಟು ಹೊರಡಬೇಕು. ಅವರ ಜಾಗದಲ್ಲಿ ಉಳಿದವರಿಂದ ಹೆಚ್ಚುವರಿ ಪಾಳಿ ಮಾಡಿಸಿ, ಓವರ್‌ಟೈಮ್ ಭತ್ಯೆ ತೆರಬೇಕಾದದ್ದು ನಗರದ ಬೊಕ್ಕಸ. ಕಾರ್ಖಾನೆಯೊಂದರ ನುರಿತ ಫಿಟ್ಟರನು ಆರು ತಿಂಗಳ ಕಾಲ ಏಕಾಏಕಿ ಗೈರುಹಾಜರಾದರೆ ಮಾಲೀಕನಿಗೆ ಆಗುವ ತೊಂದರೆ ಎಂತಹುದೆಂದು ನಮ್ಮ ಸಣ್ಣ ಉದ್ಯಮಿಗಳಿಗೆ ವಿವರಿಸಬೇಕಾಗಿಲ್ಲ.

ಮೂರನೆಯದು ಭದ್ರತಾ ವೆಚ್ಚ. ಯುದ್ಧ ಆರಂಭವಾದ ದಿನಗಳಲ್ಲಿ ಅಮೆರಿಕದ ಮೇಯರುಗಳ ಸಮ್ಮೇಳನ ನಡೆಸಿದ ಸಮೀಕ್ಷೆಯ ಪ್ರಕಾರ ಯುದ್ಧ ಹಾಗೂ ಭಯೋತ್ಪಾದನೆಯ ಎಚ್ಚರಿಕೆಯ ಕಾರಣದಿಂದ ನಗರಗಳು ವಾರಕ್ಕೆ ಸುಮಾರು 7 ಕೋಟಿ ಡಾಲರುಗಳಷ್ಟು ಹೆಚ್ಚುವರಿ ವೆಚ್ಚ ಮಾಡುತ್ತಿದ್ದವು. ಸೇತುವೆ, ನೀರಿನ ಜಲಾಶಯ, ವಿಮಾನ ನಿಲ್ದಾಣಗಳ ಕಾವಲು ಅದರಲ್ಲಿ ಸೇರಿತ್ತು. ಯುದ್ಧದ ನಿರ್ಧಾರ ಕೇಂದ್ರದ್ದಾದರೂ ಬಿಲ್ಲಿನ ಒಂದು ಭಾಗ ನಗರಕ್ಕೆ ಬರುತ್ತಿತ್ತು. ಬಿಲ್ಲು ಪಾವತಿಸುವವನಿಗೆ ಖರೀದಿಗೆ ಮುನ್ನ ಒಂದು ಮಾತು ಹೇಳುವ ಹಕ್ಕಿದೆ ಎಂಬುದೇ ಈ ಠರಾವುಗಳ ಹಿಂದಿನ ತರ್ಕ.

ವೆಚ್ಚದ ಅಂದಾಜಿನ ವಿಷಯದಲ್ಲಿ ಕೇಂದ್ರ ಸರ್ಕಾರದೊಳಗೇ ಭಿನ್ನಾಭಿಪ್ರಾಯವಿತ್ತು. ಅಧ್ಯಕ್ಷರ ಆರ್ಥಿಕ ಸಲಹೆಗಾರ ಲಾರೆನ್ಸ್ ಲಿಂಡ್ಸೆ 2002ರ ಸೆಪ್ಟೆಂಬರ್‌ನಲ್ಲಿ 10,000 ಕೋಟಿಯಿಂದ 20,000 ಕೋಟಿ ಡಾಲರುಗಳ ಅಂದಾಜು ನೀಡಿದರೆ, ಆಯವ್ಯಯ ವಿಭಾಗದ ಮುಖ್ಯಸ್ಥರು ಅದನ್ನು 5,000ದಿಂದ 6,000 ಕೋಟಿ ಡಾಲರುಗಳಿಗೆ ಇಳಿಸಿದರು. ಅಮೆರಿಕದ ಸಂಸದೀಯ ಸಂಶೋಧನಾ ಸೇವೆ 2014ರಲ್ಲಿ ನೀಡಿದ ಲೆಕ್ಕದಂತೆ ಇರಾಕ್ ಕಾರ್ಯಾಚರಣೆಗೆ ಮಂಜೂರಾದ ಮೊತ್ತ 81,500 ಕೋಟಿ ಡಾಲರುಗಳು. ಗಾಯಾಳು ಯೋಧರ ಆಜೀವ ಚಿಕಿತ್ಸೆ ಹಾಗೂ ಸಾಲದ ಬಡ್ಡಿಯನ್ನೂ ಸೇರಿಸಿದರೆ ಹೊರೆ ಇನ್ನೂ ಅಧಿಕವೆಂದು ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ. ಕೊಟೇಶನ್ನಿಗಿಂತ ಹತ್ತು ಪಟ್ಟು ಮೀರಿದ ಅಂತಿಮ ಬಿಲ್ಲನ್ನು ಯಾವ ವರ್ತಕನೂ ಮರೆಯಲಾರ.

ಆಕ್ಷೇಪಣೆಗಳು

ಇಂತಹ ಠರಾವುಗಳನ್ನು ವಿರೋಧಿಸಿದವರ ವಾದಗಳಲ್ಲಿಯೂ ಹುರುಳಿತ್ತು. ವಿದೇಶಾಂಗ ನೀತಿಗೆ ಅಗತ್ಯವಾದ ಗುಪ್ತ ಮಾಹಿತಿ ನಗರಸಭಾ ಸದಸ್ಯರ ಬಳಿ ಇರುವುದಿಲ್ಲ. ಒಂದು ರಾಷ್ಟ್ರ ಹೊರಜಗತ್ತಿನೊಡನೆ ಒಂದೇ ದನಿಯಲ್ಲಿ ಮಾತನಾಡಬೇಕು. ಸೈನಿಕರು ಗಡಿಯಾಚೆ ಪ್ರಾಣ ಪಣಕ್ಕಿಟ್ಟಿರುವಾಗ ಊರಿನ ಸಭೆ ವಿರೋಧ ಸೂಚಿಸಿದರೆ ಅವರ ಧೈರ್ಯ ಕುಂದುತ್ತದೆ ಎಂಬಿವು ಅವುಗಳಲ್ಲಿ ಮುಖ್ಯವಾದವು. ರಸ್ತೆಯ ಗುಂಡಿಗಳನ್ನು ಮುಚ್ಚಲಾಗದ ಸಭೆಗೆ ಬಾಗ್ದಾದಿನ ಚಿಂತೆ ಏಕೆ ಎಂಬ ಮೂದಲಿಕೆಯೂ ಕೇಳಿಬಂದಿತು.

ಇನ್ನೊಂದು ಆಕ್ಷೇಪಣೆ ಒಳಗಿನದು. ಊರಿನ ಜನರು ನೀರಿನ ದರವನ್ನೋ ಮಾರುಕಟ್ಟೆಯ ಸ್ವಚ್ಛತೆಯನ್ನೋ ನೋಡಿ ಸದಸ್ಯರನ್ನು ಆರಿಸಿರುತ್ತಾರೆ. ಯುದ್ಧದ ವಿಷಯದಲ್ಲಿ ಆ ಸದಸ್ಯರಿಗೆ ಮತದಾರರು ಯಾವ ಆದೇಶವನ್ನೂ ಕೊಟ್ಟಿರುವುದಿಲ್ಲ. ವಿಷಯ ಊರನ್ನೇ ಇಬ್ಭಾಗ ಮಾಡುವಂತಹುದಾದರೆ ಸಭೆಯ ದೈನಂದಿನ ಕಾರ್ಯಕ್ಕೆ ಬೇಕಾದ ಪರಸ್ಪರ ವಿಶ್ವಾಸವೂ ಕೆಡುತ್ತದೆ. ಇದಕ್ಕೆ ಚಿಕಾಗೊ ನಗರವೇ ಸಾಕ್ಷಿ. 2003ರಲ್ಲಿ 46-1 ಮತಗಳಿಂದ ಒಮ್ಮತಕ್ಕೆ ಸಮೀಪವಾಗಿದ್ದ ಅದೇ ನಗರಸಭೆ, ಗಾಜಾದಲ್ಲಿ ಕದನ ವಿರಾಮವನ್ನು ಆಗ್ರಹಿಸುವ ಠರಾವು 2024ರ ಜನವರಿ 31ರಂದು ಮತಕ್ಕೆ ಬಂದಾಗ 23-23ರಂತೆ ಸಮನಾಗಿ ಸೀಳಿತು. ಮೇಯರ್ ಬ್ರಾಂಡನ್ ಜಾನ್ಸನ್ ಅವರ ನಿರ್ಣಾಯಕ ಮತದಿಂದ ಠರಾವು ಅಂಗೀಕಾರವಾಯಿತು. ಕಾನೂನಿನ ದೃಷ್ಟಿಯಲ್ಲಿ ಎರಡೂ ಠರಾವುಗಳೇ. ಆದರೆ ಒಂದು ಊರಿನ ದನಿಯೆನಿಸಿತು. ಮತ್ತೊಂದು ಊರೊಳಗಿನ ಬಿರುಕನ್ನು ತೋರಿಸಿತು.

ಮಾತು ಟೆಂಡರಿನ ಷರತ್ತಾದಾಗ

ಇದುವರೆಗೆ ವಿವರಿಸಿದ ಠರಾವುಗಳು ಕೇವಲ ಅಭಿಪ್ರಾಯ ಸೂಚಕವಾಗಿದ್ದವು. ಅವುಗಳಿಂದ ಯಾವ ವರ್ತಕನ ಬಿಲ್ಲೂ ತಡೆಹಿಡಿಯಲ್ಪಡಲಿಲ್ಲ. ಸ್ಥಳೀಯ ಅಥವಾ ಪ್ರಾಂತೀಯ ಸರ್ಕಾರವೊಂದು ತನ್ನ ವಿದೇಶಾಂಗ ನಿಲುವನ್ನು ಖರೀದಿ ನಿಯಮವಾಗಿ ಪರಿವರ್ತಿಸಿದಾಗ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ರಕರಣ ಉತ್ತಮ ನಿದರ್ಶನ. ಅದು ಯುದ್ಧಕ್ಕೆ ಸಂಬಂಧಿಸಿದುದಲ್ಲವಾದರೂ ಅಧಿಕಾರದ ಗಡಿರೇಖೆ ಎಲ್ಲಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಬರ್ಮಾದ ಸೇನಾ ಆಡಳಿತವನ್ನು ಖಂಡಿಸಿ ಆ ರಾಜ್ಯ 1996ರ ಜೂನ್‌ನಲ್ಲಿ ಒಂದು ಕಾಯಿದೆ ಮಾಡಿತು. ಬರ್ಮಾದೊಡನೆ ವ್ಯವಹಾರವಿರುವ ಕಂಪನಿಗಳ ಪಟ್ಟಿಯೊಂದನ್ನು ಸಿದ್ಧಪಡಿಸಿ, ಅವುಗಳಿಂದ ರಾಜ್ಯದ ಇಲಾಖೆಗಳು ಸರಕು ಸೇವೆಗಳನ್ನು ಕೊಳ್ಳುವುದನ್ನು ನಿರ್ಬಂಧಿಸಲಾಯಿತು. ಪಟ್ಟಿಯಲ್ಲಿರುವ ಕಂಪನಿಯ ದರಕ್ಕಿಂತ ಪಟ್ಟಿಯಲ್ಲಿಲ್ಲದ ಕಂಪನಿಯ ದರ ಶೇ. 10ರವರೆಗೆ ಹೆಚ್ಚಾಗಿದ್ದರೂ ಆದೇಶ ಎರಡನೆಯದಕ್ಕೇ ಸಲ್ಲಬೇಕಿತ್ತು. ಎಂದರೆ ಒಬ್ಬ 100 ಡಾಲರಿಗೆ ಕೊಡುವ ಸರಕನ್ನು ಮತ್ತೊಬ್ಬ 110 ಡಾಲರಿಗೆ ಕೊಟ್ಟು ಟೆಂಡರು ಗೆಲ್ಲಬಹುದಿತ್ತು. ಹೆಚ್ಚುವರಿ 10 ಡಾಲರು ರಾಜ್ಯದ ತೆರಿಗೆದಾರನದು. ಕಳೆದುಹೋದ ಆದೇಶ ಪಟ್ಟಿಯಲ್ಲಿರುವ ಕಂಪನಿಯದು.

ರಫ್ತು ವಹಿವಾಟಿನ ಕಂಪನಿಗಳ ಸಂಘಟನೆಯಾದ 'ನ್ಯಾಷನಲ್ ಫಾರಿನ್ ಟ್ರೇಡ್ ಕೌನ್ಸಿಲ್' ನ್ಯಾಯಾಲಯದ ಮೆಟ್ಟಿಲೇರಿತು. ಅದರ 34 ಸದಸ್ಯ ಕಂಪನಿಗಳು ನಿರ್ಬಂಧಿತ ಪಟ್ಟಿಯಲ್ಲಿದ್ದವು. ಇದೇ ವೇಳೆಗೆ ಐರೋಪ್ಯ ಒಕ್ಕೂಟ ಹಾಗೂ ಜಪಾನ್ ಈ ಕಾಯಿದೆಯ ವಿರುದ್ಧ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ದೂರು ದಾಖಲಿಸಿದವು. 2000ದ ಜೂನ್ 19ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸರ್ವಾನುಮತದಿಂದ ಕಾಯಿದೆಯನ್ನು ಅಸಿಂಧುಗೊಳಿಸಿತು. ಬರ್ಮಾದ ಬಗ್ಗೆ ಕಾಂಗ್ರೆಸ್ ತಾನೇ ಕಾನೂನು ಮಾಡಿ, ನಿರ್ಬಂಧಗಳನ್ನು ಬಿಗಿಗೊಳಿಸುವ ಅಥವಾ ಸಡಿಲಿಸುವ ವಿವೇಚನೆಯನ್ನು ಅಧ್ಯಕ್ಷರಿಗೆ ನೀಡಿರುವಾಗ ರಾಜ್ಯವೊಂದು ತನ್ನದೇ ನಿರ್ಬಂಧ ಹೇರಿದರೆ ಆ ವಿವೇಚನೆಗೆ ಭಂಗ ಬರುತ್ತದೆ ಎಂಬುದು ತೀರ್ಪಿನ ಸಾರ. ಈ ತೀರ್ಪು ಕೊಳ್ಳುವಿಕೆಯನ್ನು ಕುರಿತದ್ದೇ ಹೊರತು ಅಭಿಪ್ರಾಯ ಠರಾವುಗಳನ್ನು ಕುರಿತದ್ದಾಗಿರಲಿಲ್ಲ. ಎರಡೂವರೆ ವರ್ಷಗಳ ನಂತರ ಚಿಕಾಗೊ, ಲಾಸ್ ಏಂಜಲೀಸ್ ಹಾಗೂ ನ್ಯೂಯಾರ್ಕ್ ನಗರಗಳು ಅಭಿಪ್ರಾಯದ ಎಲ್ಲೆಯೊಳಗೇ ಉಳಿದುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಅಣ್ವಸ್ತ್ರಗಳ ವಿಷಯದಲ್ಲಿಯೂ ಇದೇ ಬಗೆಯ ಅನುಭವವಾಗಿತ್ತು. ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರ 1988ರಲ್ಲಿ ತನ್ನನ್ನು ಅಣ್ವಸ್ತ್ರಮುಕ್ತ ವಲಯವೆಂದು ಸಾರಿ, ಅಣ್ವಸ್ತ್ರ ಸಂಬಂಧಿ ಕೆಲಸಗಳ ಮೇಲೆ ನಿರ್ಬಂಧ ಹೇರಿತು. ಕೇಂದ್ರ ಸರ್ಕಾರ ದಾವೆ ಹೂಡಿತು. 1990ರಲ್ಲಿ ನ್ಯಾಯಾಲಯ ಆ ಶಾಸನವನ್ನು ತಳ್ಳಿಹಾಕಿತು.

ಕೋಬೆ ಬಂದರಿನ ನಿದರ್ಶನ

ಸ್ಥಳೀಯ ಸಂಸ್ಥೆಯ ನಿಲುವು ಕೇವಲ ಮಾತಾಗಿ ಉಳಿಯದೆ, ದೀರ್ಘಕಾಲ ಕಾರ್ಯರೂಪದಲ್ಲಿದ್ದುದಕ್ಕೆ ಜಪಾನಿನ ಕೋಬೆ ನಗರ ಉದಾಹರಣೆ. ಜಪಾನಿನಲ್ಲಿ ಬಂದರುಗಳ ನಿರ್ವಹಣೆ ಕಾನೂನಿನಂತೆ ಸ್ಥಳೀಯ ಸರ್ಕಾರಗಳಿಗೆ ಸೇರಿದೆ. ಎರಡನೆಯ ಮಹಾಯುದ್ಧದ ನಂತರ ಕೋಬೆ ಬಂದರಿನ ಭಾಗವೊಂದು ದಶಕಗಳ ಕಾಲ ಅಮೆರಿಕದ ಸೇನೆಯ ಬಳಕೆಯಲ್ಲಿತ್ತು. ಅದು ಮರಳಿ ಕೈಸೇರಿದ ಬಳಿಕ, 1975ರ ಮಾರ್ಚ್ 18ರಂದು ನಗರಸಭೆ ಒಂದು ಠರಾವನ್ನು ಸರ್ವಾನುಮತದಿಂದ ಅಂಗೀಕರಿಸಿತು. ಬಂದರಿಗೆ ಬರುವ ವಿದೇಶಿ ಯುದ್ಧನೌಕೆಗಳು ತಮ್ಮಲ್ಲಿ ಅಣ್ವಸ್ತ್ರಗಳಿಲ್ಲವೆಂಬ ಪ್ರಮಾಣಪತ್ರ ಸಲ್ಲಿಸಬೇಕೆಂಬುದು ಅದರ ಫಲವಾಗಿ ಜಾರಿಗೆ ಬಂದ ಪದ್ಧತಿ.

ಯಾವ ನೌಕೆಯಲ್ಲಿ ಅಣ್ವಸ್ತ್ರವಿದೆ ಎಂಬುದನ್ನು ದೃಢಪಡಿಸುವುದೂ ಇಲ್ಲ, ನಿರಾಕರಿಸುವುದೂ ಇಲ್ಲ ಎಂಬುದು ಅಮೆರಿಕದ ನೀತಿ. ಹೀಗಾಗಿ ಅದರ ಯುದ್ಧನೌಕೆಗಳು ಅರ್ಧ ಶತಮಾನದ ಕಾಲ ಕೋಬೆಯತ್ತ ಬರಲಿಲ್ಲ. ವಾಣಿಜ್ಯ ನೌಕೆಗಳಿಗೆ ಈ ಷರತ್ತು ಅನ್ವಯಿಸಲಿಲ್ಲವಾದ್ದರಿಂದ ಬಂದರಿನ ಸರಕು ವಹಿವಾಟಿಗೆ ಠರಾವು ಅಡ್ಡಿಯಾಗಲಿಲ್ಲ. 2025ರ ಮಾರ್ಚ್‌ನಲ್ಲಿ ಅಮೆರಿಕದ ಕಡಲಸ್ಫೋಟಕ ಶೋಧಕ ನೌಕೆಯೊಂದು ಪ್ರಮಾಣಪತ್ರವಿಲ್ಲದೆಯೇ ಆ ಬಂದರನ್ನು ಪ್ರವೇಶಿಸಿತು. ಸ್ಥಳೀಯ ಅಧಿಕಾರದ ಬಲ ಎಷ್ಟು, ಮಿತಿ ಎಷ್ಟು ಎಂಬೆರಡನ್ನೂ ಈ ಐವತ್ತು ವರ್ಷಗಳ ಇತಿಹಾಸ ತೋರಿಸುತ್ತದೆ. ಮ್ಯಾಸಚೂಸೆಟ್ಸ್ ಕೇಂದ್ರದ ಅಧಿಕಾರವನ್ನು ಮುಟ್ಟಲು ಹೋಗಿ ನಾಲ್ಕು ವರ್ಷಗಳಲ್ಲಿ ಸೋತಿತು. ಕೋಬೆ ತನ್ನ ಕೈಯಲ್ಲಿದ್ದ ಬಂದರಿನ ಆಡಳಿತವನ್ನಷ್ಟೇ ಬಳಸಿ ಐದು ದಶಕ ನಿಂತಿತು.

ನಮ್ಮ ದೇಶದ ಸ್ಥಿತಿ

ಭಾರತದ ಸಂವಿಧಾನ ಈ ವಿಷಯದಲ್ಲಿ ಸಂದಿಗ್ಧಕ್ಕೆ ಎಡೆ ಕೊಟ್ಟಿಲ್ಲ. ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ವಿದೇಶಾಂಗ ವ್ಯವಹಾರ 10ನೆಯ ನಮೂದಾಗಿಯೂ, ಯುದ್ಧ ಮತ್ತು ಶಾಂತಿ 15ನೆಯ ನಮೂದಾಗಿಯೂ ಇವೆ. 74ನೆಯ ತಿದ್ದುಪಡಿಯಿಂದ ಸೇರಿಸಲಾದ 12ನೆಯ ಅನುಸೂಚಿ ಪೌರಸಂಸ್ಥೆಗಳಿಗೆ ನಿಗದಿಪಡಿಸಿರುವುದು 18 ವಿಷಯಗಳನ್ನು. ನಗರ ಯೋಜನೆಯಿಂದ ಕಸಾಯಿಖಾನೆಯವರೆಗೆ ಹರಡಿರುವ ಆ ಪಟ್ಟಿಯಲ್ಲಿ ಹೊರದೇಶದ ಮಾತಿಲ್ಲ. ಇರಾಕ್ ಯುದ್ಧದ ಸಂದರ್ಭದಲ್ಲಿ ನಮ್ಮಲ್ಲಿ ನಿಲುವು ಪ್ರಕಟವಾದದ್ದು ಸಂಸತ್ತಿನ ಮೂಲಕ. 2003ರ ಏಪ್ರಿಲ್ 8ರಂದು ಲೋಕಸಭೆ ಆ ಸೇನಾ ಕಾರ್ಯಾಚರಣೆಯನ್ನು ಕುರಿತು ನಿರ್ಣಯ ಅಂಗೀಕರಿಸಿತು. 'ಖಂಡಿಸುತ್ತದೆ' ಎನ್ನಬೇಕೆ ಅಥವಾ 'ವಿಷಾದಿಸುತ್ತದೆ' ಎನ್ನಬೇಕೆ ಎಂಬ ಜಿಜ್ಞಾಸೆಯ ನಡುವೆ ಹಿಂದಿಯ 'ನಿಂದಾ' ಪದವನ್ನು ಆರಿಸಿಕೊಳ್ಳಲಾಯಿತು. ಅದೇ ವರ್ಷದ ಜುಲೈ 14ರಂದು ಇರಾಕಿಗೆ ಸೇನೆ ಕಳುಹಿಸದಿರುವ ತೀರ್ಮಾನವನ್ನು ಕೇಂದ್ರ ಸರ್ಕಾರ ಪ್ರಕಟಿಸಿತು.

ಖರೀದಿಯ ವಿಷಯದಲ್ಲಿಯೂ ನಮ್ಮ ಮಾರ್ಗ ಬೇರೆ. ಕರ್ನಾಟಕದ ಸ್ಥಳೀಯ ಸಂಸ್ಥೆಗಳ ಖರೀದಿ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯಿದೆಗೆ ಒಳಪಟ್ಟಿದೆ. ಗಡಿ ಉದ್ವಿಗ್ನತೆಯ ಹಿನ್ನೆಲೆಯಲ್ಲಿ, ಭಾರತದೊಡನೆ ಭೂಗಡಿ ಹಂಚಿಕೊಂಡ ರಾಷ್ಟ್ರಗಳ ಬಿಡ್ಡುದಾರರಿಗೆ ನೋಂದಣಿಯನ್ನು ಕಡ್ಡಾಯಗೊಳಿಸುವ ಆದೇಶ 2020ರ ಜುಲೈ 23ರಂದು ಹೊರಬಿದ್ದಾಗ ಅದನ್ನು ಹೊರಡಿಸಿದ್ದು ಕೇಂದ್ರ ಸರ್ಕಾರ. ರಾಜ್ಯಗಳೂ ಅದನ್ನು ಪಾಲಿಸಬೇಕೆಂದು ಸಂವಿಧಾನದ 257(1)ನೆಯ ವಿಧಿಯನ್ವಯ ಸೂಚಿಸಲಾಯಿತು. ಆಮದು ಬಿಡಿಭಾಗಗಳನ್ನು ಅವಲಂಬಿಸಿದ್ದ ಅನೇಕ ಸಣ್ಣ ಘಟಕಗಳಿಗೆ ಟೆಂಡರಿನ ಹೊಸ ಷರತ್ತು ಮುಖಾಮುಖಿಯಾದದ್ದು ಹೀಗೆ. ನೂರು ಊರುಗಳು ನೂರು ಬಗೆಯ ಪಟ್ಟಿಗಳನ್ನು ಮಾಡಿದ್ದರೆ ಸರಬರಾಜುದಾರನ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಆದರೆ ಅಧಿಕಾರವಿಲ್ಲವೆಂದ ಮಾತ್ರಕ್ಕೆ ಪರದೇಶದ ಯುದ್ಧದ ನಷ್ಟ ನಮ್ಮ ಊರುಗಳನ್ನು ಬಿಡುವುದಿಲ್ಲ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಕೊಲ್ಲಿ ರಾಷ್ಟ್ರಗಳ ದುಡಿಮೆಯನ್ನು ನೆಚ್ಚಿದ್ದ ಕರಾವಳಿಯ ಮಂಗಳೂರು, ಉಡುಪಿ, ಭಟ್ಕಳಗಳ ಕುಟುಂಬಗಳಿಗೆ ಅದು ಬಹುದೊಡ್ಡ ಆತಂಕದ ಕಾಲ. ಆ ಜುಲೈನಲ್ಲಿ ಬ್ಯಾರಲ್ಲಿಗೆ 17 ಡಾಲರುಗಳ ಸುಮಾರಿನಲ್ಲಿದ್ದ ಕಚ್ಚಾತೈಲ ಅಕ್ಟೋಬರ್ ವೇಳೆಗೆ ಎರಡು ಪಟ್ಟಾಯಿತು. 1991ರ ವಿದೇಶಿ ವಿನಿಮಯ ಬಿಕ್ಕಟ್ಟನ್ನು ಅದು ತೀವ್ರಗೊಳಿಸಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದಾಗ ಯುರೋಪಿಗೆ ಹೋಗುವ ಸರಕು ಗುಡ್‌ಹೋಪ್ ಭೂಶಿರವನ್ನು ಬಳಸಿ ಸಾಗಬೇಕಾಗಿ ಬಂದು, ಪ್ರಯಾಣಕ್ಕೆ ಹತ್ತು ದಿನಗಳಿಗೂ ಹೆಚ್ಚು ಕಾಲ ಸೇರಿಕೊಂಡಿತು. ಸರಕು ತಡವಾದಷ್ಟೂ ಹಣ ಬರುವುದು ತಡ. ಬ್ಯಾಂಕಿನ ಬಡ್ಡಿ ಮಾತ್ರ ತಡವಾಗುವುದಿಲ್ಲ.

ಠರಾವುಗಳಿಂದ ಆದದ್ದೇನು?

ಅಮೆರಿಕದ ನಗರಗಳ ಠರಾವುಗಳು ಯುದ್ಧವನ್ನು ತಡೆಯಲಿಲ್ಲ. ಫಲಿತಾಂಶವನ್ನು ಅಷ್ಟರಿಂದಲೇ ಅಳೆದರೆ ಅವು ವ್ಯರ್ಥವೆನ್ನಬೇಕಾದೀತು. ಆದರೆ ಆ ಮಾತು ದಾಖಲೆಯಲ್ಲಿ ಉಳಿಯಿತು. ಇರಾಕಿನಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳ ಸಂಗ್ರಹವಿರಲಿಲ್ಲವೆಂದು ಅಮೆರಿಕದ್ದೇ ತನಿಖಾ ತಂಡ 2004ರಲ್ಲಿ ವರದಿ ನೀಡಿತು. ವೆಚ್ಚವಂತೂ ಅಧಿಕೃತ ಅಂದಾಜನ್ನು ಎಷ್ಟೋ ಪಟ್ಟು ಮೀರಿತು. ಯುದ್ಧಕ್ಕೆ ಮುನ್ನವೇ ಬೊಕ್ಕಸದ ಬಗ್ಗೆ ಎಚ್ಚರಿಸಿದ್ದ ನಗರಗಳಿಗೆ ಮುಂದಿನ ವರ್ಷಗಳಲ್ಲಿ ಕೇಂದ್ರದೊಡನೆ ಅನುದಾನದ ವಾದ ಹೂಡಲು ಅದು ಆಧಾರವಾಯಿತು. 2011ರ ಜೂನ್‌ನಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಮೇಯರುಗಳ ಸಮ್ಮೇಳನ, ಯುದ್ಧಗಳನ್ನು ಬೇಗ ಮುಗಿಸಿ ಆ ಹಣವನ್ನು ದೇಶದೊಳಗಿನ ಅಗತ್ಯಗಳಿಗೆ ತಿರುಗಿಸಬೇಕೆಂದು ಕೋರುವ ನಿರ್ಣಯವನ್ನು ಅಂಗೀಕರಿಸಿತು. ವಿಯೆಟ್ನಾಂ ಯುದ್ಧದ ಕಾಲದ ಬಳಿಕ ಆ ಸಮ್ಮೇಳನ ಅಂತಹ ನಿರ್ಣಯ ಕೈಗೊಂಡದ್ದು ಅದೇ ಮೊದಲು.

ವರ್ತಕ ಸಂಸ್ಥೆಗಳಿಗೆ ಪಾಠ

ಈ ಎಲ್ಲ ಪ್ರಕರಣಗಳನ್ನು ಒಟ್ಟಿಗೆ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸ್ಥಳೀಯ ಸಂಸ್ಥೆಯ ಮಾತಿಗೆ ತೂಕ ಬರುವುದು ಅದು ತನ್ನ ಲೆಕ್ಕದ ಪುಸ್ತಕವನ್ನು ತೆರೆದಿಟ್ಟು ಮಾತನಾಡಿದಾಗ. ಇದು ವಾಣಿಜ್ಯೋದ್ಯಮ ಸಂಸ್ಥೆಗಳಿಗೂ ಅಷ್ಟೇ ಅನ್ವಯಿಸುತ್ತದೆ. ಹೊರದೇಶದಲ್ಲಿ ಯುದ್ಧದ ಮೋಡ ಕವಿದಾಗ ನಾವು ಅನುಸರಿಸಬಹುದಾದ ಕ್ರಮಗಳು ಹೀಗಿವೆ:

1. ಮನವಿಪತ್ರದಲ್ಲಿ ಊರಿನ ಅಂಕಿಗಳಿರಲಿ. ಯಾವ ಬಂದರಿನ ಮೂಲಕ ಎಷ್ಟು ಸರಕು ಹೋಗಬೇಕು, ಎಷ್ಟು ಆದೇಶಗಳು ತಡೆಯಲ್ಪಟ್ಟಿವೆ, ಹಡಗಿನ ಬಾಡಿಗೆ ಹಾಗೂ ಯುದ್ಧಾಪಾಯ ವಿಮೆಯ ಕಂತು ಎಷ್ಟು ಏರಿದೆ ಎಂಬುದನ್ನು ಸದಸ್ಯರಿಂದ ಸಂಗ್ರಹಿಸಿ ಮಂಡಿಸಿದರೆ ಅದನ್ನು ಬದಿಗಿಡುವುದು ಯಾವ ಇಲಾಖೆಗೂ ಸುಲಭವಲ್ಲ.

2. ಸಮಯವನ್ನು ಕಾಯ್ದುಕೊಳ್ಳಬೇಕು. ಚಿಕಾಗೊ ಯುದ್ಧಕ್ಕೆ ಎರಡು ತಿಂಗಳು ಮೊದಲು ಮಾತನಾಡಿತು. ನ್ಯೂಯಾರ್ಕಿಗೆ ಉಳಿದದ್ದು ಒಂದೇ ವಾರ. ನಷ್ಟವಾದ ಮೇಲೆ ಪರಿಹಾರ ಕೇಳುವುದಕ್ಕಿಂತ ಮುಂಚಿತವಾಗಿ ಎಚ್ಚರಿಸುವುದು ಲೇಸು.

3. ಅಭಿಪ್ರಾಯವನ್ನೂ ಷರತ್ತನ್ನೂ ಬೆರೆಸಬಾರದು. ಸ್ಥಳೀಯ ಸಂಸ್ಥೆ ಶಾಂತಿಯನ್ನು ಬಯಸಿ ಠರಾವು ಮಾಡಿದರೆ ವರ್ತಕರು ಆಕ್ಷೇಪಿಸಬೇಕಾಗಿಲ್ಲ. ಅದೇ ನಿಲುವು ಟೆಂಡರಿನ ಷರತ್ತಾಗಿ ಬಂದರೆ ಅದರ ಕಾನೂನುಬದ್ಧತೆಯನ್ನು ತಡಮಾಡದೆ ಪ್ರಶ್ನಿಸಬೇಕು.

4. ಒಮ್ಮತವಿಲ್ಲದ ಕಡೆ ಆತುರ ಸಲ್ಲದು. ಸದಸ್ಯರು ಸರಿಸಮನಾಗಿ ಸೀಳಿರುವ ವಿಷಯದಲ್ಲಿ ಒಂದು ಮತದ ಅಂತರದಿಂದ ಗೆದ್ದ ಠರಾವು ಹೊರಗಿನವರನ್ನು ಒಪ್ಪಿಸುವುದು ಕಡಿಮೆ, ಒಳಗಿನವರನ್ನು ನೋಯಿಸುವುದು ಹೆಚ್ಚು. ಅಂತಹ ಸಂದರ್ಭದಲ್ಲಿ ಎಲ್ಲರೂ ಒಪ್ಪುವ ಅಂಶಗಳಾದ ಸಾಗಣೆ, ವಿಮೆ, ಹೊರದೇಶದಲ್ಲಿರುವ ನಮ್ಮವರ ಸುರಕ್ಷತೆ ಇವುಗಳಿಗೆ ಮನವಿಯನ್ನು ಸೀಮಿತಗೊಳಿಸುವುದು ಉಚಿತ.

5. ಸ್ವಂತ ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಬೇಕು. ಸಾಮಾನ್ಯ ಸಾಗರ ವಿಮೆ ಯುದ್ಧದಿಂದಾಗುವ ಹಾನಿಯನ್ನು ಒಳಗೊಂಡಿರುವುದಿಲ್ಲ; ಅದಕ್ಕೆ ಪ್ರತ್ಯೇಕ ರಕ್ಷಣೆ ಪಡೆಯಬೇಕಾಗುತ್ತದೆ. ಕರಾರಿನಲ್ಲಿ ಅನಿವಾರ್ಯ ಅಡಚಣೆಯ ಕಲಮು ಇದೆಯೇ, ಹೆಚ್ಚುವರಿ ಸಾಗಣೆ ವೆಚ್ಚ ಯಾರ ಪಾಲಿನದು, ಸಾಲಪತ್ರದ ಅವಧಿ ವಿಳಂಬಕ್ಕೆ ಸಾಲುತ್ತದೆಯೇ ಎಂಬುದನ್ನು ಶಾಂತಿಯ ಕಾಲದಲ್ಲಿಯೇ ಪರಿಶೀಲಿಸಿಟ್ಟುಕೊಳ್ಳುವುದು ಕ್ಷೇಮಕರ.

ಯುದ್ಧ ಹೂಡುವ ಅಥವಾ ನಿಲ್ಲಿಸುವ ಅಧಿಕಾರ ಯಾವ ಪೌರಸಭೆಗೂ ಇಲ್ಲ, ಯಾವ ವರ್ತಕ ಸಂಘಕ್ಕೂ ಇಲ್ಲ. ಆದರೆ ತನ್ನ ಪಾಲಿಗೆ ಬರುವ ನಷ್ಟ ಎಷ್ಟೆಂದು ಲೆಕ್ಕ ಹಾಕಿ, ತೀರ್ಮಾನ ಕೈಗೊಳ್ಳುವವರ ಮುಂದೆ ಸಕಾಲದಲ್ಲಿ ಇಡುವ ಹೊಣೆ ಎರಡಕ್ಕೂ ಇದೆ. ಆ ಲೆಕ್ಕವನ್ನು ಊರೇ ಮಾಡದಿದ್ದರೆ ರಾಜಧಾನಿಯಲ್ಲಿ ಕುಳಿತವರು ಅದನ್ನು ಮಾಡುವರೆಂದು ನಿರೀಕ್ಷಿಸುವಂತಿಲ್ಲ.